ಪಾಲಾದ ಸೀಮೆ

“ಅಪ್ಪ, ಫ್ಯೂರ್ಸ್ಟೆನ್‌ಟೂಮ್ ಅಂದ್ರೇನು?” ಮಗಳು ಮಾನ್ಯಾ ಹಿಸ್ಟರಿ ಪುಸ್ತಕ ಹಿಡಿದು ಕೇಳಿದಾಗ, ಮಹಾದೇವ ಫ್ರಿಜ್‌ನಲ್ಲಿ ತನ್ನ ಪಾಲಿನ ಶೆಲ್ಫಿನಿಂದ ಹಾಲು ತೆಗೆಯುತ್ತಿದ್ದ. ಕೆಳಗಿನ ಶೆಲ್ಫ್ ಹೆಂಡತಿಯದು. ಬೇರೆಯಾದ ಮೇಲೆ ಮಾನ್ಯಾ ವಾರವಿಡೀ ಅಮ್ಮನ ಹತ್ತಿರ, ವೀಕೆಂಡ್ ಅಪ್ಪನ ಹತ್ತಿರ ಎಂದು ಇಬ್ಬರೂ ಸಹಿ ಹಾಕಿದ್ದರು. ಐರ್ಲೆಂಡಿನ ಈ ಲಿಮೆರಿಕ್‌ನಲ್ಲಿ ಇನ್ನೊಂದು ಬಾಡಿಗೆ ಮನೆ ಮಾತ್ರ ಸಿಕ್ಕಿರಲಿಲ್ಲ; ಹಾಗಾಗಿ ಮೂವರೂ ಇನ್ನೂ ಒಂದೇ ಮನೆಯಲ್ಲಿದ್ದರು.

“ಫ್ಯೂರ್ಸ್ಟ್ ಅಂದ್ರೆ ಜರ್ಮನ್ ದೊರೆ. ಅವನು ಆಳ್ತಿದ್ದ ಸೀಮೆ ಅದು. ಅವನು ಸತ್ತ ಮೇಲೆ ಎಷ್ಟೋ ಕಡೆ ಮಕ್ಕಳು ಹಂಚಿಕೊಳ್ತಿದ್ರು.”

“ಅಲ್ಲಿದ್ದ ಜನ?”

“ನೆಲದ ಜೊತೆ ಅವರೂ ಪಾಲಾಗ್ತಿದ್ರು. ಅವರನ್ನ ಯಾರು ಕೇಳ್ತಾರೆ?”

“ಗ್ರ್ಯಾಂಡ್,” ಎಂದು ಅಲ್ಲಿಯವರು ‘ಸರಿ’ ಅನ್ನುವ ಹಾಗೆ ಹೇಳಿ ಅವಳು ಬರೆದುಕೊಂಡಳು.

ಮಹಾದೇವ ಫ್ರಿಜ್ ಬಾಗಿಲು ಮುಚ್ಚಿದ. ಆಮೇಲೆ ಮೆಲ್ಲಗೆ ಕೇಳಿದ: “ನಿಂಗೆ ಯಾರ ಜೊತೆ ಇರೋಕಿಷ್ಟ, ಮಗಳೇ?”

“ಸೈನ್ ಮಾಡಿದ್ಮೇಲೆ ಕೇಳ್ತಿದ್ದೀಯಾ?” ಎಂದಳು ಮಾನ್ಯಾ, ತಲೆಯೆತ್ತದೆ.