ಚಿಂಗಿಯ ಇನ್ನೊಂದು ಕಿವಿ

"ಆತು ನೋಡು," ಎಂದು ಬಸಣ್ಣ ಪೆನ್ಸಿಲ್ ಕೆಳಗಿಟ್ಟ.

ತೊಗರಿಕಾಯಿ ಸುಲಿಯುತ್ತಿದ್ದ ಹೆಂಡತಿ ಲೀಲಾಬಾಯಿ ಎದ್ದು ಬಂದು ಬಗ್ಗಿ ನೋಡಿದಳು. ಕಿಟಕಿಯ ಕೆಳಗೆ ಮಡಚಿಟ್ಟ ಚಾದರದ ಮೇಲೆ ಅವರ ಬೆಕ್ಕು ಚಿಂಗಿ ಇತ್ತ ಮುಖ ಮಾಡಿ, ಕಣ್ಣು ಮುಚ್ಚಿ ಕೂತಿತ್ತು. ಕಾಗದದ ಮೇಲೂ ಹಾಗೇ ಕೂತಿತ್ತು, ಮೀಸೆ ಈಗ ಅಲುಗೀತೇನೋ ಅನ್ನುವಂತೆ. ಆದರೆ ನಟ್ಟನಡುವೆ ಗೆರೆ ಎಳೆದು ಬಿಟ್ಟಿದ್ದ: ಒಂದು ಕಿವಿ, ಒಂದು ಕಣ್ಣು, ಅರ್ಧ ಮೂಗು.

"ಅಯ್ಯ, ಅರ್ಧಾ ಬೆಕ್ಕು ಎಲ್ಲಿ ಹೋತ್ರಿ?"

"ಇನ್ನರ್ಧಾ ಮಗ್ಗಾ ತಿರುವಿ ಹಾಕ್ತೈತಿ."

ಲೀಲಾಬಾಯಿಗೆ ನಗು ತಡೆಯಲಿಲ್ಲ. ಸೊಲ್ಲಾಪುರದ ಚಾದರ ಕಾರ್ಖಾನೆಯಲ್ಲಿ ಜೀವಮಾನವಿಡೀ ಚೌಕಳಿ ಕಾಗದದ ಮೇಲೆ ನವಿಲು ಬರೆದವನು. ಅರ್ಧ ನವಿಲು ಬರೆದುಕೊಟ್ಟರೆ, ಅದರ ಜೋಡಿ ಅರ್ಧವನ್ನು ಕನ್ನಡಿಯಲ್ಲಿ ಕಂಡಂತೆ ಮಗ್ಗವೇ ನೇಯುತ್ತಿತ್ತು. ಹುಟ್ಟುಗುಣವಷ್ಟೇ ಅಲ್ಲ, ನೌಕರಿಯ ಗುಣವೂ ಸುಟ್ಟರೂ ಹೋಗುವುದಿಲ್ಲ.

ಆದರೆ ಗಂಡನ ಮುಖ ಕಂಡು ನಗು ಅರ್ಧಕ್ಕೇ ನಿಂತಿತು. ಲಕ್ವಾ ಹೊಡೆದು ಬಸಣ್ಣನ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು. ಕೈ ಉಳಿದಿತ್ತು, ದೇವರು ದೊಡ್ಡವನು. ಅಂದಿನಿಂದ ಅರ್ಧ ಮುಖಕ್ಕೆ ಟವೆಲ್ ಸುತ್ತಿಕೊಂಡೇ ಇರುತ್ತಿದ್ದ, ಹೊಸ್ತಿಲು ದಾಟಿರಲಿಲ್ಲ. ನಾಳೆ ಅಕ್ಕಲಕೋಟದ ಮಗಳ ಮನೆಯಲ್ಲಿ ಮೊಮ್ಮಗಳು ಸಾರಿಕಾಳ ನಿಶ್ಚಿತಾರ್ಥ. "ಬೀಗರ ಮುಂದ ಈ ಮಾರಿ ತೋರ್ಸಂಗಿಲ್ಲ" ಎಂದು ಇವನ ಹಟ. ಅಜ್ಜ ಬಾರದೆ ಉಂಗುರ ಹಾಕಿಸಿಕೊಳ್ಳುವುದಿಲ್ಲವೆಂದು ಆ ಹುಡುಗಿಯದೂ ಹಟ.

"ಅಲ್ರೀ, ಚಿಂಗಿದು ಆ ಕಡಿ ಕಿವಿ ನಾಯಿ ಕಡದು ಹರದೈತಿ. ಮಗ್ಗಾ ತಿರುವಿದ್ರ ಅದು ಯಾರದೋ ಬೆಕ್ಕಾಗ್ತೈತಿ. ನಮ್ಮ ಚಿಂಗಿ ಹೆಂಗಾದೀತು?"

ಬಸಣ್ಣ ಬೆಕ್ಕನ್ನು ಬಹಳ ಹೊತ್ತು ನೋಡಿದ. ಮತ್ತೆ ಪೆನ್ಸಿಲ್ ಹಿಡಿದ. ಹರಿದ ಕಿವಿಯ ಒಂದು ಸೀಳನ್ನೂ ಮುಚ್ಚದೆ, ಹಸುಗೂಸಿಗೆ ಎಣ್ಣೆ ಹಚ್ಚುವಂತೆ ಮೆಲ್ಲಗೆ ಬರೆಯತೊಡಗಿದ. ಲೀಲಾಬಾಯಿ ತೊಗರಿಕಾಯಿ ಮರೆತಳು. ಇಷ್ಟು ವರ್ಷ ಇವನ ನವಿಲುಗಳನ್ನು ಹೊದ್ದು ಮಲಗಿದ್ದಳು. ಆ ಕೈ ಕೆಲಸ ಮಾಡುವುದನ್ನು ಕಂಡದ್ದು ಈಗಲೇ. ತಾನು ಹಿಡಿದದ್ದು ಇಂಥ ಕೈ ಎಂದು ಎದೆ ತುಂಬಿ ಬಂತು.

"ಈ ಹರದ ಕಿವಿ ಕಡೀನ ಭಾಳ ಚಂದ ಬಂದೈತಿ ನೋಡ್ರಿ. ಕಣ್ಣು ಅಲ್ಲೇ ನಿಲ್ತಾವ."

"ಖರೇನ?"

"ನಿಮ್ಮಾಣಿ."

ಬಸಣ್ಣ ಮುಖದ ಟವೆಲ್ ಬಿಚ್ಚಿ, ಬೆರಳಿಗೆ ಹತ್ತಿದ ಪೆನ್ಸಿಲ್ ಮಸಿಯನ್ನು ಅದಕ್ಕೇ ಒರೆಸಿದ. ಸೊಟ್ಟ ಬಾಯಲ್ಲೇ ನಕ್ಕು ಕೇಳಿದ:

"ಮುಂಜಾನಿ ಅಕ್ಕಲಕೋಟ ಗಾಡಿ ಎಷ್ಟಕ್ಕೈತಿ?"