ಬಸ್‌ಸ್ಟ್ಯಾಂಡಿನಲ್ಲಿ ಉಳಿದ ದನಿ

ಕೊನೆಯ ಫೋಟೋದಲ್ಲಿ ಯಾವ ಜಾಗದ ಗುರುತು ಇರುತ್ತದೆಯೋ ಸತ್ತವರ ದನಿ ಅಲ್ಲೇ ಉಳಿಯುವುದರಿಂದ, ರಜಾಕನ ಫೋಟೋ ಸ್ಟುಡಿಯೋಕ್ಕೆ ಇಂಥ ತಕರಾರು ಹೊಸದೇನಲ್ಲ. ಗಂಡನ ದನಿ ಮನೆಯಲ್ಲಿ ಕೇಳದೆ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಿದೆ ಎಂದು ಬಸಲಿಂಗವ್ವ ಬಂದು ಕುಳಿತಿದ್ದಳು.

ರಜಾಕ ಕ್ಯಾಮೆರಾವನ್ನೂ ಫೋನನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಅವಳ ಗಂಡನ ಫೋಟೋ ತೆಗೆಯಲು ಹೋದ ದಿನ ತಾನು ಬಸ್ಸಿಳಿದ ಕೂಡಲೇ, ಫೋನಿನಿಂದ ಕ್ಯಾಮೆರಾಕ್ಕೆ ಜಾಗದ ಗುರುತು ಕಳಿಸುವ ಬ್ಲೂಟೂತ್ ಕಡಿದಿತ್ತು. ಆಮೇಲೆ ಅವರ ಮನೆಯಲ್ಲಿ ತೆಗೆದ ಆ ಕೊನೆಯ ಫೋಟೋಕ್ಕೂ ಕ್ಯಾಮೆರಾ ಬಸ್‌ಸ್ಟ್ಯಾಂಡಿನ ಗುರುತನ್ನೇ ಹಚ್ಚಿತ್ತು.

"ತಪ್ಪು ನಂದ ಐತಿ, ಯವ್ವಾ. ಈಗ ತಿದ್ದತೀನಿ, ಸಂಜಿಗೆ ಮನಿಗೆ ಬರ್ತಾರ."

ಅವನು ಗುಂಡಿ ಒತ್ತುವಷ್ಟರಲ್ಲಿ ಬಸಲಿಂಗವ್ವ ಕೈ ಅಡ್ಡ ಹಿಡಿದಳು.

"ತಡಿಯಪ್ಪಾ. ಮುಂಜಾನೆ ಅಲ್ಲೇ ಕಟ್ಟಿ ಮ್ಯಾಲೆ ಕುಂತಿದ್ದೆ. ನಮ್ಮ ಮನಿಯವರು ಬಂದವರನ್ನೆಲ್ಲಾ ಮಾತಾಡಸ್ತಿದ್ರು. ನನಗೂ ಕೇಳಿದ್ರು, 'ಯಾವೂರಿಗೆ ಹೊಂಟೀರಿ ಯವ್ವಾ, ಚಾ ಕುಡದೀರೇನು' ಅಂತ."

"ನಿಮ್ಮ ಗುರುತು ಹಿಡೀಲಿಲ್ಲೇನು?"

"ಇಲ್ಲ. ಮನ್ಯಾಗ ನಲವತ್ತು ವರ್ಷ ಗುರುತಿತ್ತು. ಚಾ ಕುಡದಿಯೇನು ಅಂತ ಒಂದ ದಿನಾನೂ ಕೇಳಿರಲಿಲ್ಲ."

ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಅಲ್ಲೇ ಇರ್ಲಿ ಬಿಡು. ನಾಳೆ ಮತ್ತ ಕೇಳಿದ್ರ, ಗದಗಕ್ಕ ಹೊಂಟೀನಿ ಅಂತೀನಿ."