ನೆಲಕ್ಕೆ ಹಾಕಿದ ಪೌಡರ್

ಪಾರ್ಟಿ ಹಾಲ್‌ನ ಬಾಗಿಲು ತೆರೆದ ಕೂಡಲೇ ಲಲಿತಮ್ಮನ ಮೂಗಿಗೆ ಅಜ್ಜಿಯ ಮನೆಯ ಬಚ್ಚಲಿನ ವಾಸನೆ ಬಂತು. ಮೈಸೂರಿನಲ್ಲಿ ಸ್ಕೂಲಿಗೆ ಹೊರಡುವ ಮೊದಲು ಅಜ್ಜಿ ಕುತ್ತಿಗೆಗೆ ಬಳಿಯುತ್ತಿದ್ದ ಪೌಡರಿನ ವಾಸನೆ. ಒಂದು ದಿನ ಅದೇ ಪೌಡರ್ ಕೆಂಪು ಗಾರೆ ನೆಲದ ಮೇಲೆ ಚೆಲ್ಲಿ, ಅಜ್ಜಿ ಜಾರಿ ಬಿದ್ದು, ಸೊಂಟ ಮುರಿದು ವರ್ಷವಿಡೀ ಹಾಸಿಗೆ ಹಿಡಿದಿದ್ದರು. ಈಗ ನೋಡಿದರೆ ಕೊಲ್ಲಿ ನಾಡಿನ ಬೌಷರ್‌ನ ಈ ಅಪಾರ್ಟ್‌ಮೆಂಟಿನ ಹಾಲಿನಲ್ಲಿ, ಮರದ ಹಲಗೆಯ ನೆಲದ ನಟ್ಟನಡುವೆ ಒಂದು ಡಬ್ಬಿಯಷ್ಟು ಪೌಡರ್ ಬಿದ್ದಿತ್ತು. ಯಾವುದೋ ಮಗುವಿನ ಕೆಲಸ ಎಂದುಕೊಂಡು ಲಲಿತಮ್ಮ ಮಾಪ್ ತಂದು, ಮೂಲೆಯನ್ನೂ ಬಿಡದೆ ಒರೆಸಿದರು. ಇನ್ನರ್ಧ ಗಂಟೆಗೆ ಜನ ಬರುವವರಿದ್ದರು.

ತಿಂಗಳಿಗೊಂದು ಶುಕ್ರವಾರ ಅಲ್ಲಿನ ಕನ್ನಡದ ಮನೆಗಳೆಲ್ಲ ಸೇರಿ ಊಟ ಮಾಡುತ್ತಿದ್ದವು. ಊಟಕ್ಕೆ ಮುಂಚೆ ಹಿರಿಯರೊಬ್ಬರು ತಮ್ಮ ಹಳೆಯ ಕಾಲದ ಏನಾದರೊಂದನ್ನು ಹೇಳಬೇಕು. ಇವತ್ತು ಲಲಿತಮ್ಮನ ಗಂಡ ಹೊನ್ನಪ್ಪನವರ ಸರದಿ. ತಾವು ದುಡಿದ ಬಟ್ಟೆ ಗಿರಣಿಯ ಕತೆ ಹೇಳುತ್ತಾರೆ ಎಂದು ಎಲ್ಲರೂ ಕೂತಿದ್ದರೆ, ಅವರು ಐವತ್ತು ವರ್ಷ ಟ್ರಂಕಿನಲ್ಲಿದ್ದ ಚರ್ಮದ ಅಟ್ಟೆಯ ಬೂಟು ಹಾಕಿಕೊಂಡು ಎದ್ದು ನಿಂತರು.

"ಓದೋಕೆ ಇಂಗ್ಲೆಂಡಿಗೆ ಹೋಗಿದ್ನಲ್ಲ, ಅದು ಗಿರಣಿ ಊರು. ವಾರವೆಲ್ಲ ದುಡಿಯೋ ಹುಡುಗ ಹುಡುಗೀರು ಶನಿವಾರ ಬಂತು ಅಂದ್ರೆ ಒಂದು ಚೀಲದಲ್ಲಿ ಟವೆಲ್ಲು, ಎರಡು ಬನಿಯನ್ನು ತುಂಬ್ಕೊಂಡು ಹೊರಡೋರು. ಬೆಳಗಿನ ತನಕ ಕುಣಿತ. ಕುಡಿತ ಇಲ್ಲ. ಹಾಡಿರೋರು ಅಮೆರಿಕದ ಕಪ್ಪು ಜನ. ಅವರ ಊರಲ್ಲೇ ಆ ರೆಕಾರ್ಡುಗಳನ್ನ ಯಾರೂ ಕೊಂಡಿರಲಿಲ್ಲ. ಸೋಲ್ ಮ್ಯೂಸಿಕ್ ಅಂತಿದ್ರು. ಅಪರೂಪದ ರೆಕಾರ್ಡ್ ಸಿಕ್ಕಿದೋನು ಹಾಡಿನ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿರೋನು, ಪಕ್ಕದೂರಲ್ಲಿ ಹಾಡು ಹಾಕೋನು ನೋಡಿಬಿಟ್ರೆ ಅಂತ."

ಜನ ನಕ್ಕರು. ಹೊನ್ನಪ್ಪ ಮುಂದುವರಿಸಿದರು. "ಮೊದಲನೇ ಸಲ ನಾನು ಗೋಡೆಗೆ ಒರಗಿ ನಿಂತಿದ್ದೆ. ಒಬ್ಬರೂ ಗೊತ್ತಿಲ್ಲ. ಯಾರೋ ಒಬ್ಬ ಬಂದು, ಮಾತಿಲ್ಲ ಕತೆಯಿಲ್ಲ, ನನ್ನ ಕಾಲ ಬುಡಕ್ಕೆ ಪೌಡರ್ ಉದುರಿಸಿ ಹೋದ. ಬೂಟು ಜಾರಬೇಕಲ್ಲ, ಪೌಡರ್ ಇಲ್ದೆ ಆ ಕುಣಿತವೇ ಇಲ್ಲ. ಅವತ್ತು ನನ್ನ ಬಾ ಅಂತ ಕರೆದದ್ದು ಅಷ್ಟೇ. ವಾಪಸ್ ಬಂದ್ಮೇಲೆ ಕುಣಿದೇ ಇಲ್ಲ. ಇವತ್ತೊಂದು ಸಲ ಅಂತ ಆಸೆ."

ಲಲಿತಮ್ಮ ತಾವು ಒರೆಸಿದ ನೆಲದ ಕಡೆ ತಿರುಗಿದರು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಈ ಮಾತು ಬಂದೇ ಇರಲಿಲ್ಲ. ಆ ಬೂಟು ಯಾಕೆ ಎಂದು ಕೇಳಿದಾಗಲೆಲ್ಲ, ಚರ್ಮ ಚೆನ್ನಾಗಿದೆ, ಇರಲಿ ಅನ್ನುತ್ತಿದ್ದರು.

ಮೊಮ್ಮಗಳು ದಿಶಾ ಫೋನಿನಲ್ಲಿ ಹಾಡು ಹಾಕಿದಳು. ಹೊನ್ನಪ್ಪ ಎರಡು ಹೆಜ್ಜೆ ಹಾಕಿ ತಿರುಗಲು ಹೋದರು. ಒರೆಸಿದ ಹಲಗೆಗೆ ಬೂಟು ಕಚ್ಚಿಕೊಂಡಿತು. ಅವರು ಮುಗ್ಗರಿಸಿದರು. ಯಾರೋ ಕಿಸಕ್ಕೆಂದರು. ಮಗ ಕಿಶೋರ್ ಓಡಿಬಂದು ತೋಳು ಹಿಡಿದ. ಹೊನ್ನಪ್ಪ ನೆಲವನ್ನೊಮ್ಮೆ ನೋಡಿದರು.

"ಮಂಡಿ ಕಣೋ, ಎಪ್ಪತ್ನಾಲ್ಕು ವರ್ಷದ್ದು," ಎಂದರು. "ಸಾಕು ಬಿಡಿ, ಊಟ ಆರ್ತಾ ಇದೆ." ಕುರ್ಚಿಯಲ್ಲಿ ಕೂತು ಬೂಟಿನ ದಾರ ಬಿಚ್ಚತೊಡಗಿದರು.

ಲಲಿತಮ್ಮ ಸರಸರನೆ ಕೆಳಗಿಳಿದರು. ವಾಚ್‌ಮನ್ ಕೋಣೆಯಲ್ಲಿ ಬಂಟ್ವಾಳದ ಸಿರಾಜುದ್ದೀನ್ ಡ್ರೈವರುಗಳ ಜೊತೆ ಕೇರಂ ಆಡುತ್ತಿದ್ದ.

"ಸಿರಾಜುದ್ದೀನ್, ಆ ಪೌಡರ್ ಸ್ವಲ್ಪ ಕೊಡಪ್ಪ."

"ಎಂತಕ್ಕೆ ಅಮ್ಮ? ಮೇಲೆ ಸಹ ಕೇರಂ ಉಂಟಾ?"

"ಇಲ್ಲ. ನಮ್ಮ ಯಜಮಾನರು ಕುಣೀಬೇಕು."

ಸಿರಾಜುದ್ದೀನ್ ಅವರ ಮುಖ ನೋಡಿದ. "ಖಲಾಸ್, ಆಟ ಮತ್ತೆ ಆಡುವ," ಎಂದು ಜೊತೆಯವರಿಗೆ ಹೇಳಿ ಇಡೀ ಡಬ್ಬಿಯನ್ನೇ ಕೈಗಿತ್ತ.

ಹೊನ್ನಪ್ಪನವರ ಒಂದು ಬೂಟಿನ ದಾರ ಆಗಲೇ ಬಿಚ್ಚಿತ್ತು. ಎಲ್ಲರೂ ನೋಡುತ್ತಿದ್ದಂತೆ ಲಲಿತಮ್ಮ ಬಗ್ಗಿ, ದಿನಾ ರಂಗೋಲಿ ಹಾಕುವ ಕೈಯಲ್ಲಿ ಗಂಡನ ಕಾಲ ಬುಡಕ್ಕೆ ಪೌಡರ್ ಉದುರಿಸಿದರು.

"ಅಜ್ಜೀ, ವಾಟ್ ಆರ್ ಯು ಡೂಯಿಂಗ್?" ಎಂದಳು ದಿಶಾ.

"ನೀನು ಹಾಡು ಹಾಕು," ಎಂದರು ಲಲಿತಮ್ಮ. ಗಂಡನ ಕಡೆ ತಿರುಗಿ, "ಬಿದ್ರೆ ಮಾತ್ರ ನಾನು ಎತ್ತಲ್ಲ, ಗೊತ್ತಾಯ್ತಾ?" ಎಂದರು.

ಹೊನ್ನಪ್ಪ ದಾರ ಕಟ್ಟಿಕೊಂಡು ಎದ್ದರು. ಈ ಸಲ ಬೂಟು ಜಾರಿತು. ದೊಡ್ಡ ಜಿಗಿತವೇನೂ ಇರಲಿಲ್ಲ. ಅಡ್ಡಡ್ಡ ಸರಿಯುವ ಪುಟ್ಟ ಹೆಜ್ಜೆಗಳು, ನಡುನಡುವೆ ಒಂದು ಸುತ್ತು, ಒಮ್ಮೆ ಬಗ್ಗಿ ಅಂಗೈಯಿಂದ ನೆಲ ಮುಟ್ಟಿದ್ದು. ಮುಖದಲ್ಲಿ ಮಾತ್ರ ಇಪ್ಪತ್ನಾಲ್ಕರ ಯಾರೋ ಬಂದು ನಿಂತಂತಿತ್ತು. ಹಾಡು ಮುಗಿಯುವಷ್ಟರಲ್ಲಿ ಕಿಸಕ್ಕೆಂದವರೂ ತಾಳ ಹಾಕುತ್ತಿದ್ದರು.

ಜನ ಊಟಕ್ಕೆ ಸಾಲು ನಿಂತಾಗ ಲಲಿತಮ್ಮ ಮತ್ತೆ ಮಾಪ್ ಹಿಡಿದು ನಡುವೆ ನಿಂತಿದ್ದರು. ಹೊನ್ನಪ್ಪ ಪುಳಿಯೋಗರೆ, ಕೋಸಂಬರಿ ಬಡಿಸಿದ ತಟ್ಟೆ ತಂದು ಮೆಲ್ಲಗೆ ಅವರ ಕೈಗಿಟ್ಟರು.

"ಉಂಡು ಒರೆಸು," ಎಂದರು, ಬೇರೆಯವರಿಗೆ ಕೇಳಿಸದ ಹಾಗೆ. "ಆಗ ಒರೆಸಿದಷ್ಟು ಚೆನ್ನಾಗಿ ಬೇಡ."

ಲಲಿತಮ್ಮ ತಟ್ಟೆ ನೋಡಿದರು. ಅಂಚಿನಲ್ಲಿ ಗಂಡನ ಬೆರಳಿನ ಬಿಳಿ ಗುರುತುಗಳಿದ್ದವು. ಅವನ್ನು ಅವರು ಒರೆಸಲಿಲ್ಲ.